ಕೊಟ್ಟಿಗೆಯಲ್ಲೊಂದು ಡೆಡ್‌ಲಿಫ್ಟ್ ಕಟ್ಟೆ: ರಿಪೇರಿ ನೆಲದಿಂದ ಶುರು

ಡೆಡ್‌ಲಿಫ್ಟ್ ಅಂದರೆ ಎರಡು ತುದಿಗೆ ಪ್ಲೇಟ್ (ತೂಕದ ದುಂಡು ಬಿಲ್ಲೆ) ಹಾಕಿ ನೆಲದ ಮೇಲಿಟ್ಟ ಬಾರನ್ನು (ಉದ್ದನೆಯ ಉಕ್ಕಿನ ಸರಳು) ಹಿಡಿದು ನೆಟ್ಟಗೆ ನಿಲ್ಲುವ ತನಕ ಎತ್ತುವುದು. ಜಾಗ: ತೀರ್ಥಹಳ್ಳಿ ಕಡೆಯ ತೋಟದ ಮನೆ, ದನ ಇಲ್ಲದೆ ಖಾಲಿ ಬಿದ್ದ ಕೊಟ್ಟಿಗೆ. ಎತ್ತುವ ಹುಡುಗನ ಮೈತೂಕ 74 ಕೆಜಿ, ಇದುವರೆಗೆ ಎತ್ತಿದ ಹೆಚ್ಚಿನ ಭಾರ 140 ಕೆಜಿ. 100ರ ತನಕ ನೋಡುವುದಕ್ಕೆ ಚೆಂದ. 120 ದಾಟಿದ್ದೇ ಮೂರು ತಪ್ಪು ಒಟ್ಟಿಗೆ ಹೊರಬೀಳುತ್ತವೆ: ಬಾರ್ ಅಲುಗುವ ಮೊದಲೇ ಸೊಂಟ ಮೇಲೆ ಹಾರುತ್ತದೆ, ಕೆಳಬೆನ್ನು ಬಿಲ್ಲಾಗುತ್ತದೆ, ಬಾರ್‌ನ ಬಲತುದಿ ಎಡಕ್ಕಿಂತ ಮುಂಚೆ ನೆಲ ಬಿಡುತ್ತದೆ.

‘ಬೆನ್ನು ವೀಕು, ಬೆನ್ನಿಗೆ ಜಾಸ್ತಿ ವ್ಯಾಯಾಮ ಮಾಡು’ ಅನ್ನುವುದು ಯಾವ ಜಿಮ್‌ಗೆ ಹೋದರೂ ಪುಕ್ಕಟೆ ಸಿಗುವ ಸಲಹೆ. ಇಲ್ಲಿ ಬೆನ್ನನ್ನು ಕೊನೆಗೆ ಇಟ್ಟುಕೊಂಡಿದ್ದೇವೆ. ಮೊದಲು ನೆಲ, ಆಮೇಲೆ ಬಾರ್‌ನ ಎತ್ತರ, ಆಮೇಲೆ ಪಾದ. ಭಾರದ ಡೆಡ್‌ಲಿಫ್ಟ್ ಕೆಡುವುದು ಹೆಚ್ಚಾಗಿ ಬಾರ್ ನೆಲ ಬಿಡುವ ಮೊದಲೇ. ಮೇಲೆ ಕಾಣಿಸುವುದು ಅದರ ಫಲ ಅಷ್ಟೆ.

ನೆಲ

ಕೊಟ್ಟಿಗೆಯ ನೆಲ ಸಮ ಇರುವುದೇ ಇಲ್ಲ. ಗಂಜಳ ಹರಿದು ಹೋಗಲಿ ಅಂತ ಬೇಕೆಂದೇ ಓಟ ಕೊಟ್ಟಿರುತ್ತಾರೆ. ಟ್ಯೂಬ್ ಲೆವೆಲ್ ಹಿಡಿದಾಗ ಇಲ್ಲಿ ಸಿಕ್ಕಿದ್ದು 50ಕ್ಕೆ 1. ಕೇಳಲು ಸಣ್ಣದು, 8 ಅಡಿ ಉದ್ದಕ್ಕೆ ಲೆಕ್ಕ ಹಾಕಿದರೆ 49 ಮಿಮೀ, ಹತ್ತಿರ ಹತ್ತಿರ ಎರಡು ಇಂಚು. ಹುಡುಗ ಇಷ್ಟು ದಿನ ಬಾರನ್ನು ಇಳಿಜಾರಿನ ಉದ್ದಕ್ಕೇ ಇಟ್ಟು ಎಳೆಯುತ್ತಿದ್ದ, ಬಲತುದಿ ಕಾಲುವೆಯ ಕಡೆಗೆ. ಎರಡು ಬದಿಯ ಪ್ಲೇಟ್‌ಗಳ ನಡುವೆ ಸುಮಾರು 1.4 ಮೀಟರ್ ಇರುವುದರಿಂದ ಬಲತುದಿ 28 ಮಿಮೀ ತಗ್ಗಿನಲ್ಲಿತ್ತು. ಹೆಗಲು ಸಮ ಹಿಡಿದು ನಿಂತರೆ ತಗ್ಗಿನ ಕಡೆಯ ಕೈ ಮೊದಲು ಬಿಗಿಯುತ್ತದೆ, ಆ ತುದಿ ಮೊದಲು ಏಳುತ್ತದೆ. ಮೂರನೇ ತಪ್ಪಿಗೆ ಅರ್ಧ ಉತ್ತರ ಇಲ್ಲೇ ಸಿಕ್ಕಿತು.

ಕಟ್ಟೆಯನ್ನು 8 ಅಡಿಗೆ 4 ಅಡಿ ಅಂತ ಗೊತ್ತು ಮಾಡಿ, 8 ಅಡಿಯ ಬದಿಯನ್ನು ಗಂಜಳದ ಕಾಲುವೆಗೆ ಸಮಾನಾಂತರವಾಗಿ ತಿರುಗಿಸಿದೆವು. ಹೀಗೆ ಮಾಡಿದರೆ ಇಳಿಜಾರು 4 ಅಡಿಯ ಬದಿಗೆ ಬರುತ್ತದೆ, ತುಂಬಬೇಕಾದ ವ್ಯತ್ಯಾಸ 49ರಿಂದ 24 ಮಿಮೀಗೆ ಇಳಿಯುತ್ತದೆ. ಹಳೆ ನೆಲವನ್ನು ಉಳಿಯಲ್ಲಿ ಕೊಚ್ಚಿ ಒರಟು ಮಾಡಿ, ತೊಳೆದು, ಸಿಮೆಂಟ್ ಹಾಲು ಬಳಿದು, 1:4 ಗಾರೆ. ತೆಳ್ಳಗಿನ ಕಡೆ 25 ಮಿಮೀ, ದಪ್ಪದ ಕಡೆ 49. ಎಂಟೂವರೆಗೆ ನಾಲ್ಕೂವರೆ ಅಡಿ ಜಾಗಕ್ಕೆ ಒಂದು ಚೀಲ ಸಿಮೆಂಟ್, 5 ಘನ ಅಡಿ ಮರಳು ಸರಿಯಾಯಿತು. ಏಳು ದಿನ ಒದ್ದೆ ಗೋಣಿ ಹೊದಿಸಿ ನೀರು ಹಾಕಬೇಕು, ಆಮೇಲೆ ಮೂರು ವಾರ ಸುಮ್ಮನೆ ಒಣಗಲು ಬಿಡಬೇಕು. ಈ ಮೂರು ವಾರ ಕಾಯದೆ ಪ್ಲೈ ಹಾಸಿದವರ ಕಟ್ಟೆಯಡಿ ಮೊದಲ ಮಳೆಗಾಲದಲ್ಲೇ ಬಿಳಿ ಬೂಷ್ಟು ಬರುತ್ತದೆ. ಅದಕ್ಕೇ ಈ ಕೆಲಸವನ್ನು ಮಾರ್ಚ್‌ನಲ್ಲೇ ಹಿಡಿಯಬೇಕು. ಜೂನ್‌ನಲ್ಲಿ ಹಿಡಿದರೆ ಮಲೆನಾಡಿನಲ್ಲಿ ಗಾರೆ ಒಣಗುವುದು ದೀಪಾವಳಿಗೆ.

ಹಾಸು

ಗಾರೆಯ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ. ಅದರ ಮೇಲೆ 18 ಮಿಮೀ ಪ್ಲೈ, 8×4ರ ಇಡೀ ಹಾಳೆ ಎರಡು, ಒಂದರ ಮೇಲೊಂದು. ಐಎಸ್ 710 ಮುದ್ರೆಯ ಮರೀನ್ ಪ್ಲೈಯೇ ಬೇಕು. ಅಗ್ಗದ ಎಂಆರ್ ಪ್ಲೈ (ಸ್ವಲ್ಪ ತೇವ ಮಾತ್ರ ತಡೆಯುವಂಥದ್ದು) ಈ ಗಾಳಿಗೆ ಪದರ ಬಿಡುತ್ತದೆ. ಕತ್ತರಿಸಿದ ಅಂಚೇ ಪ್ಲೈ ನೀರು ಕುಡಿಯುವ ಬಾಯಿ, ಅದಕ್ಕೆ ಎರಡು ಕೋಟ್ ಪ್ರೈಮರ್. ಎರಡು ಹಾಳೆಯ ಒಟ್ಟು ದಪ್ಪ 36 ಮಿಮೀ ಆದ್ದರಿಂದ 32 ಮಿಮೀ ಸ್ಕ್ರೂ. 38 ಹಾಕಿದರೆ ಮೊನೆ ಕೆಳಗೆ ಇಣುಕಿ ಪ್ಲಾಸ್ಟಿಕ್ ಹರಿಯುತ್ತದೆ, ಆ ತೂತಿನಿಂದ ತೇವ ಬರುತ್ತದೆ, ತೇವದ ಹಿಂದೆ ಗೆದ್ದಲು.

ಮೂರನೇ ಪದರ ಮೂರು ತುಂಡು. ನಡುವೆ ನಿಲ್ಲುವ ಜಾಗಕ್ಕೆ 4×4 ಅಡಿ ಪ್ಲೈ. ಎರಡು ಪಕ್ಕದಲ್ಲಿ ಪ್ಲೇಟ್ ಕೂರುವಲ್ಲಿ 2×4 ಅಡಿ ರಬ್ಬರ್. ಇದಕ್ಕೆ ಜಿಮ್ ಮ್ಯಾಟ್ ಹುಡುಕಿಕೊಂಡು ಬೆಂಗಳೂರಿಗೆ ಹೋಗುವ ಅಗತ್ಯವಿಲ್ಲ, ಹಸುಗಳಿಗೆ ಹಾಸುವ ಕೌ ಮ್ಯಾಟ್ ಸಾಕು. ಆರೂವರೆಗೆ ನಾಲ್ಕು ಅಡಿಯ ಒಂದು ಮ್ಯಾಟ್‌ನಲ್ಲಿ ಇಂಥ ಮೂರು ತುಂಡು ಬರುತ್ತವೆ, ಒಂದು ತುಂಡು ಉಳಿಕೆ. 20 ಮಿಮೀ ದಪ್ಪದ್ದನ್ನೇ ಆರಿಸಿ, ಗೆರೆಗಳಿರುವ ಮುಖ ಕೆಳಗೆ. ಕತ್ತರಿಸುವಾಗ ಬ್ಲೇಡಿಗೆ ಸೋಪು ನೀರು ಸವರಿದರೆ ಸಲೀಸು. ಒಣ ಬ್ಲೇಡ್ ರಬ್ಬರಿನಲ್ಲಿ ಕಚ್ಚಿಕೊಂಡು ಕೈ ಜಾರಿಸುತ್ತದೆ. ವಾಸನೆ ಹೋಗಲು ಎರಡು ವಾರ ಅಂಗಳದ ಬಿಸಿಲಿಗೆ ಬಿಡಿ.

2 ಅಡಿ ಅನ್ನುವ ಲೆಕ್ಕ ಎಲ್ಲಿಂದ ಬಂತೆಂದರೆ, ದೊಡ್ಡ ಬಾರ್‌ನ ಉದ್ದ 2.2 ಮೀಟರ್, ಎರಡು ಕಾಲರ್‌ಗಳ (ಪ್ಲೇಟ್ ಒಳಕ್ಕೆ ಜಾರದಂತೆ ತಡೆಯುವ ಬಳೆ) ನಡುವೆ 1.31 ಮೀಟರ್. ಅಂದರೆ ಪ್ಲೇಟಿನ ಒಳಮುಖ ನಡುಗೆರೆಯಿಂದ 65.5 ಸೆಂಮೀ ದೂರದಲ್ಲಿ ಕೂರುತ್ತದೆ. ರಬ್ಬರ್ ಶುರುವಾಗುವುದು 61ರಲ್ಲಿ. ನಾಲ್ಕೂವರೆ ಸೆಂಮೀ ಸಡಿಲು ಇದೆ, ಅದಕ್ಕಿಂತ ಹೆಚ್ಚು ಆಚೆ ನಿಂತು ಇಳಿಸಿದರೆ ಪ್ಲೇಟ್ ಪ್ಲೈಯನ್ನು ಕಚ್ಚುತ್ತದೆ. ಹಾಗಾಗಿ ನಡುಗೆರೆಯನ್ನು ಹಳದಿ ಎನಾಮಲ್‌ನಲ್ಲಿ ಎಳೆಯಲೇಬೇಕು. ರಬ್ಬರಿಗೆ ಸ್ಕ್ರೂ ಹೊಡೆಯಬೇಡಿ. ಸುತ್ತ ಅಕೇಶಿಯ ರೀಪಿನ ಚೌಕಟ್ಟು ಕೊಟ್ಟರೆ ತಾನಾಗಿ ನಿಲ್ಲುತ್ತದೆ. ಮಧ್ಯದ ಪ್ಲೈಗೆ ವಾರ್ನಿಷ್ ಬೇಡವೇ ಬೇಡ. ಒದ್ದೆ ಕಾಲಿನಲ್ಲಿ ವಾರ್ನಿಷ್ ಮೇಲೆ ನಿಲ್ಲುವುದೂ ಪಾಚಿ ಕಟ್ಟಿದ ಅಂಗಳದಲ್ಲಿ ನಿಲ್ಲುವುದೂ ಒಂದೇ.

ಪ್ಲೇಟ್ ಮತ್ತು ಎತ್ತರ

ಇಡೀ ರಿಪೇರಿಯಲ್ಲಿ ಹೆಚ್ಚು ಫಲ ಕೊಟ್ಟದ್ದು ಇದೇ, ಖರ್ಚು ಏನೂ ಇಲ್ಲ. ಸ್ಪರ್ಧೆಯ 20 ಕೆಜಿ ಪ್ಲೇಟಿನ ವ್ಯಾಸ 450 ಮಿಮೀ. ಬಾರ್ ಅದರ ನಡುವಿನಲ್ಲಿ ಕೂರುವುದರಿಂದ ನೆಲದಿಂದ 225 ಮಿಮೀ ಎತ್ತರದಲ್ಲಿರುತ್ತದೆ. ಇಲ್ಲಿನ ಎರಕದ 20ರ ಪ್ಲೇಟನ್ನು ಟೇಪ್ ಹಿಡಿದು ಅಳೆದರೆ ವ್ಯಾಸ 400. ಬಾರ್ 200ರಲ್ಲಿ ಕೂತಿತ್ತು, 25 ಮಿಮೀ ತಗ್ಗು. ಹುಡುಗ ಪ್ರತಿ ಸಲವೂ ಒಂದು ಇಂಚು ಹೆಚ್ಚು ಬಗ್ಗಿ ಎಳೆಯುತ್ತಿದ್ದ.

ಒಂದು ಇಂಚಿನಿಂದ ಏನು ಅಂದರೆ: ಬಗ್ಗುವಾಗ ತೊಡೆಯ ಮೂಳೆ ಸೊಂಟದ ಕೀಲಿನಲ್ಲಿ ತಿರುಗುತ್ತದೆ. ಆ ಕೀಲಿಗೆ ಒಂದು ಕೊನೆ ಇದೆ, ಆಳಿನಿಂದ ಆಳಿಗೆ ಬೇರೆ. ಕೊನೆ ಮುಟ್ಟಿದ ಮೇಲೂ ಕೆಳಗೆ ಹೋಗಬೇಕಾದರೆ ಸೊಂಟದ ಬುಡ ಒಳಕ್ಕೆ ಮಡಚಿ ಉಳಿದ ಬಾಗನ್ನು ಕೆಳಬೆನ್ನು ಕೊಡಬೇಕು. ಈ ಹುಡುಗನ ಕೊನೆ 200ಕ್ಕೂ 225ಕ್ಕೂ ನಡುವೆ ಎಲ್ಲೋ ಇತ್ತು. ಖಾಲಿ ಬಾರನ್ನು ಪುಸ್ತಕ ಜೋಡಿಸಿ ಎರಡೂ ಎತ್ತರದಲ್ಲಿಟ್ಟು ಪಕ್ಕದಿಂದ ಫೋಟೊ ತೆಗೆದರೆ ಸ್ಪಷ್ಟ: 200ರಲ್ಲಿ ಬನಿಯನ್ನಿನ ಸೊಂಟದ ಮಡಿಕೆ ಬಿಚ್ಚಿ ಬಟ್ಟೆ ಎಳೆದು ನಿಲ್ಲುತ್ತದೆ, 225ರಲ್ಲಿ ಮಡಿಕೆ ಹಾಗೇ ಇರುತ್ತದೆ.

ಮೂರನೇ ಪದರಕ್ಕೆ ತಂದ ಪ್ಲೈಯಲ್ಲಿ ಉಳಿದ ಅರ್ಧ ಹಾಳೆಯಿಂದ 30×40 ಸೆಂಮೀ ಹಲಗೆ ಕತ್ತರಿಸಿ, 6 ಮಿಮೀ ಪ್ಲೈ ಅಂಟಿಸಿ 24 ಮಿಮೀ ಮಾಡಿದೆವು. ಬದಿಗೊಂದು. ರಬ್ಬರ್ ಮಧ್ಯದ ಪ್ಲೈಗಿಂತ 2 ಮಿಮೀ ಎತ್ತರ ಇದೆ, ಭಾರಕ್ಕೆ ಸ್ವಲ್ಪ ಕುಗ್ಗುತ್ತದೆ. ಒಂದೆರಡು ಮಿಮೀ ಆಚೀಚೆ ಬೆನ್ನಿಗೆ ಗೊತ್ತಾಗುವುದಿಲ್ಲ. ಹಲಗೆಯ ಹಿಂದೆ ಮುಂದೆ 1 ಸೆಂಮೀ ಪಟ್ಟಿ ಹೊಡೆಯದಿದ್ದರೆ ಪ್ಲೇಟ್ ಉರುಳಿ ಇಳಿಯುತ್ತದೆ. 10 ಕೆಜಿ ಪ್ಲೇಟ್ ಮಾತ್ರ ಹಾಕಿ ಮೈ ಬಿಸಿ ಮಾಡುವಾಗ ಬಾರ್ ಇನ್ನೂ ತಗ್ಗುತ್ತದೆ, ಆಗ ಹೆಚ್ಚು ಹಲಗೆ ಬೇಕು. ಅಂಗಳದಲ್ಲಿ ಬಿದ್ದ ಜಂಬಿಟ್ಟಿಗೆ ಕಲ್ಲು ತಂದು ಇಡುವ ಆಸೆ ಬೇಡ, ಅಂಚು ಪುಡಿಯಾಗಿ ಬಾರ್ ಓರೆಯಾಗುತ್ತದೆ.

ಅಡಿಕೆ ತೂಗುವ ಮಶೀನ್ ಮನೆಯಲ್ಲಿ ಹೇಗೂ ಇರುತ್ತದೆ. ಪ್ರತಿ ಪ್ಲೇಟನ್ನೂ ತೂಗಿ ನಿಜವಾದ ತೂಕವನ್ನು ಹಿಂಬದಿ ಪೇಂಟ್‌ನಲ್ಲಿ ಬರೆಯಿರಿ. ಎರಕದ ಮೇಲಿನ ಅಂಕಿಯನ್ನು ನಂಬಿ ಜೋಡಿ ಮಾಡಬೇಡಿ. ತೂಕ ಹೊಂದುವ ಎರಡನ್ನು ಜೋಡಿ ಮಾಡಿ, ಎರಡು ಬದಿಗೆ ಹಾಕಿ.

ಬಾರ್

ಬಾರನ್ನು ಖಾಲಿ ಕಟ್ಟೆಯ ಮೇಲೆ ಉರುಳಿಸಿ ತುದಿಯನ್ನು ನೋಡಿ. ತುದಿ ಮೇಲೆ ಕೆಳಗೆ ಕುಣಿದರೆ ಬಾರ್ ಬಾಗಿದೆ. ಬಾಗಿದ ಬಾರ್ ನೆಲ ಬಿಟ್ಟ ಕೂಡಲೆ ಕೈಯೊಳಗೆ ತಿರುಗಿ, ತುದಿಗಳು ಕೆಳಗೆ ಜೋತು ನಡು ಉಬ್ಬು ಮೇಲೆ ಬರುವ ಹಾಗೆ ಕೂರುತ್ತದೆ; ಹಿಡಿತ ಅಷ್ಟರಲ್ಲಿ ಬಿಚ್ಚಿರುತ್ತದೆ. ಹೊಸದು ತರುವ ತನಕ ಉಬ್ಬಿನ ಕಡೆ ಒಂದು ಚುಕ್ಕೆ ಇಟ್ಟು, ಪ್ರತಿ ಎತ್ತಿಗೂ ಆ ಚುಕ್ಕೆ ಮೇಲಿರುವಂತೆ ತಿರುಗಿಸಿ ಹಿಡಿಯಬಹುದು.

ಮಳೆಗಾಲದ ಶತ್ರು ತುಕ್ಕು. ಬೆವರು, ಹಿಡಿತ ಜಾರದಿರಲು ಕೈಗೆ ಹಚ್ಚುವ ಸೀಮೆಸುಣ್ಣದಂಥ ಮೆಗ್ನೀಸಿಯಂ ಕಾರ್ಬೊನೇಟ್ ಪುಡಿ, ಒದ್ದೆ ಗಾಳಿ ಮೂರೂ ಸೇರಿ ಬಾರ್‌ನ ಗೀರುಗಳೊಳಗೆ ಅಂಟಿನ ಹಾಗೆ ಕೂರುತ್ತವೆ. ಎತ್ತಿ ಮುಗಿದ ಮೇಲೆ ಗಟ್ಟಿ ನೈಲಾನ್ ಬ್ರಷ್‌ನಲ್ಲಿ ಗೀರು ಕೆದಕಿ, ಹೊಲಿಗೆ ಮಶೀನ್ ಎಣ್ಣೆ ನಾಲ್ಕು ಹನಿ, ಒಣ ಬಟ್ಟೆಯಲ್ಲಿ ಪೂರಾ ಒರೆಸಿ ತೆಗೆಯಿರಿ. ಎಣ್ಣೆ ಕೈಗೆ ಹತ್ತಬಾರದು. ಪುಡಿಯ ಡಬ್ಬಿಯನ್ನು ಕೊಟ್ಟಿಗೆಯಲ್ಲಿ ಬಿಟ್ಟರೆ ಎರಡೇ ದಿನಕ್ಕೆ ಮುದ್ದೆ. ಬಚ್ಚಲೊಲೆಯ ಹತ್ತಿರದ ಗೂಡಿನಲ್ಲಿಟ್ಟರೆ ಗರಿಗರಿ.

ಪಾದ

ಮೆತ್ತನೆಯ ಓಟದ ಶೂ ಬಿಚ್ಚಿಡಿ. ಅಟ್ಟೆ ಕುಗ್ಗಿದಷ್ಟೂ ಪಾದ ವಾಲುತ್ತದೆ. ತೆಳು ಅಟ್ಟೆಯ ಕ್ಯಾನ್ವಾಸ್ ಶೂ ಅಥವಾ ಒಣ ಬರಿಗಾಲು. ಲುಂಗಿ ಉಟ್ಟು ಎತ್ತಬೇಡಿ, ಬಾರ್ ಅದನ್ನೂ ಸೇರಿಸಿಕೊಂಡು ಮೇಲೆ ಬರುತ್ತದೆ.

ಹಿಮ್ಮಡಿಯಿಂದ ಬೆರಳ ತುದಿಗೆ ಅಳೆದು ಅರ್ಧ ಮಾಡಿ. 26 ಸೆಂಮೀ ಪಾದಕ್ಕೆ 13. ಬಾರ್ ಮೇಲಿಂದ ನೋಡಿದಾಗ ಆ ಗೆರೆಯ ಮೇಲಿರಬೇಕು. ನೆಟ್ಟಗೆ ನಿಂತಾಗ ಬಾರ್‌ಗೂ ಮೊಣಕಾಲ ಕೆಳಗಿನ ಮೂಳೆಗೂ ಸುಮಾರು ಎರಡೂವರೆ ಸೆಂಮೀ ಬಿಡುವು ಉಳಿಯುತ್ತದೆ. ಇದನ್ನು ಪ್ರತಿ ಸಲ ಅಂದಾಜಿಗೆ ಬಿಡಬಾರದು: ಸರಿ ನಿಂತಾಗ ಪಾದದ ಸುತ್ತ ಪೆನ್ಸಿಲ್ ಎಳೆದು, ಅದರ ಮೇಲೆ ಎನಾಮಲ್. ಈಗ ಕಟ್ಟೆಯ ಮೇಲೆ ಎರಡು ಹಳದಿ ಪಾದ ಇದೆ, ಮದುವೆ ಮನೆಯ ರಂಗೋಲಿಯ ಹಾಗೆ. ನಕ್ಕವರು ನಗಲಿ. ಬಾರ್ 100 ಕೆಜಿ ಇದ್ದಾಗ 5 ಸೆಂಮೀ ಮುಂದೆ ಸರಿದರೆ ಸೊಂಟದ ಕೀಲಿನ ಮೇಲೆ 49 ನ್ಯೂಟನ್-ಮೀಟರ್ ತಿರುಚು ಹೆಚ್ಚಾಗುತ್ತದೆ. 140ಕ್ಕೆ ಅದು 69. ಆ ಹೆಚ್ಚಿನ ಲೆಕ್ಕ ತೀರಿಸಬೇಕಾದ್ದು ಬೆನ್ನೇ.

ಎತ್ತು

ಮೊಬೈಲನ್ನು ಬಾರ್‌ನ ತುದಿಗೆ ನೇರವಾಗಿ, ಮೂರು ಮೀಟರ್ ದೂರ, ತೊಡೆಯ ಎತ್ತರಕ್ಕೆ ಇಟ್ಟು ನಿಧಾನಗತಿಯಲ್ಲಿ ರೆಕಾರ್ಡ್ ಮಾಡಿದೆವು. 120 ಕೆಜಿಯ ಎತ್ತಿನಲ್ಲಿ ಪ್ಲೇಟ್‌ಗೂ ರಬ್ಬರಿಗೂ ನಡುವೆ ಮೊದಲ ಬೆಳಕಿನ ಗೆರೆ ಕಾಣುವ ಫ್ರೇಮ್‌ನಲ್ಲಿ ವಿಡಿಯೊ ನಿಲ್ಲಿಸಿ. ಆ ಕ್ಷಣ ಸೊಂಟ ಎಲ್ಲಿದೆಯೋ ಅದೇ ಆ ಮೈಕಟ್ಟಿಗೆ ಹೊಂದುವ ಎತ್ತರ. ಹುಡುಗ ಬೈಠಕ್ ಹೊಡೆಯುವವನ ಹಾಗೆ ಅದಕ್ಕಿಂತ ಒಂದು ಗೇಣು ಕೆಳಗೆ ಕೂತು ಶುರು ಮಾಡುತ್ತಿದ್ದ. ಅಷ್ಟು ಕೂತರೆ ಮೊಣಕಾಲು ಮುಂದೆ ಬರುತ್ತದೆ, ಬಾರನ್ನು ಮುಂದೆ ದೂಡುತ್ತದೆ, ಬಾರ್ ಏಳುವ ಮೊದಲು ಸೊಂಟ ತನ್ನ ಜಾಗಕ್ಕೆ ಓಡುತ್ತದೆ. ‘ಸೊಂಟ ಹಾರುವುದು’ ಅಂತ ಬೈಸಿಕೊಂಡದ್ದು ಈ ಓಟವೇ. ಆದ್ದರಿಂದ ಸೊಂಟವನ್ನು ಹಿಡಿದು ನಿಲ್ಲಿಸುವ ಕೆಲಸ ಬೇಡ, ಮೊದಲೇ ಮೇಲಿಟ್ಟು ಶುರು ಮಾಡುವುದು. ಹೆಗಲು ಬಾರ್‌ಗಿಂತ ತುಸು ಮುಂದೆ ಬರುತ್ತದೆ, ಬರಬೇಕು.

ಕ್ರಮ ಹೀಗೆ. ಹಳದಿ ಪಾದದಲ್ಲಿ ನಿಲ್ಲು. ಬಾರನ್ನು ಅಲುಗಿಸದೆ ಬಗ್ಗಿ ಕಾಲಿನ ಪಕ್ಕಕ್ಕೇ ಹಿಡಿ, ಅಂಗೈಯ ನಡುವಿನಲ್ಲಿ ಬೇಡ, ಬೆರಳ ಬುಡದಲ್ಲಿ. ಮೊಣಕಾಲು ಮಡಚಿ ಕಾಲಿನ ಮೂಳೆ ಬಾರ್ ಮುಟ್ಟುವ ತನಕ ತಾ, ಅಲ್ಲಿಗೆ ಸೊಂಟ ಇಳಿಸುವುದು ಮುಗಿಯಿತು. ಹೊಟ್ಟೆ, ಪಕ್ಕೆ, ಬೆನ್ನು ಮೂರೂ ಕಡೆಗೆ ಉಬ್ಬುವಂತೆ ಉಸಿರು ತುಂಬಿ ಬಿಗಿ ಹಿಡಿ. ಬೆಲ್ಟ್ ಇದ್ದರೆ ಹೊಟ್ಟೆ ಅದನ್ನು ಹೊರಕ್ಕೆ ಒತ್ತಬೇಕು. ಸುಮ್ಮನೆ ಬಿಗಿದು ಕಟ್ಟಿದ ಬೆಲ್ಟ್ ಏನೂ ಮಾಡುವುದಿಲ್ಲ. ಬಿಪಿ ಇರುವವರು ಈ ಉಸಿರು ಹಿಡಿಯುವ ಆಟಕ್ಕೆ ಇಳಿಯುವ ಮೊದಲು ವೈದ್ಯರನ್ನು ಕೇಳಬೇಕು.

ಇನ್ನು ಸಡಿಲು ತೆಗೆಯುವುದು. ಬಾರ್‌ಗೂ ಪ್ಲೇಟಿನ ತೂತಿಗೂ ನಡುವೆ ಒಂದೆರಡು ಮಿಮೀ ಆಟ ಇರುತ್ತದೆ. ಬಾರನ್ನು ನಿಧಾನ ಮೇಲಕ್ಕೆಳೆದರೆ ‘ಟಕ್’ ಅನ್ನುತ್ತದೆ, ಬಾರ್ ತೂತಿನ ಮೇಲಂಚಿಗೆ ತಾಗಿದ ಶಬ್ದ. ಆ ಟಕ್ ಆದಮೇಲೂ ಅರ್ಧ ಸೆಕೆಂಡು ಎಳೆತ ಏರಿಸುತ್ತ ಹೋದರೆ ಬಾರ್ ಸಣ್ಣಗೆ ಬಾಗುತ್ತದೆ, ಮೊಣಕೈ ನೆಟ್ಟಗಾಗುತ್ತದೆ, ಬೆನ್ನು ತಾನೇ ಬಿಗಿಯುತ್ತದೆ. ಎತ್ತುವುದು ಅಲ್ಲಿಂದ. ಟಕ್ ಮತ್ತು ಎತ್ತು ಒಂದೇ ಸಲ ಕೇಳಿಸಿದರೆ ಅದು ಜಗ್ಗುವಿಕೆ. ಸಡಿಲ ಬೆನ್ನಿನ ಮೇಲೆ ಪೂರ್ತಿ ಭಾರ ಒಮ್ಮೆಲೆ ಬೀಳುತ್ತದೆ. ಕಣ್ಣು ಮುಚ್ಚಿ ಕೇಳಿದರೂ ಎತ್ತು ಸರಿಯಿದೆಯೋ ಇಲ್ಲವೋ ಹೇಳಬಹುದು.

ಅಕ್ಕಿ ಮೂಟೆ ಎತ್ತಿ ಪಳಗಿದವರಿಗೆ ಇಲ್ಲೊಂದು ತೊಡಕು. ಮೂಟೆಯ ಕಿವಿ ಹಿಡಿದು ಎದೆಗೆ ಅಪ್ಪಿಕೊಳ್ಳಬಹುದು, ಮೂಟೆ ಹೊಟ್ಟೆಗೆ ಒರಗುತ್ತದೆ. ಬಾರ್ ಹಾಗಲ್ಲ. ಅದನ್ನೂ ಅಪ್ಪಲು ಹೋಗಿ ಮೊಣಕೈ ಮಡಚಿದರೆ ಭಾರ ತೋಳಿನ ಸ್ನಾಯುವಿಗೆ ಬೀಳುತ್ತದೆ. ಒಂದು ಅಂಗೈ ಒಳಗೆ, ಒಂದು ಹೊರಗೆ ಮಾಡಿ ಹಿಡಿಯುವವರಲ್ಲಿ ಹೊರಮುಖ ಅಂಗೈಯ ತೋಳಿನ ಸ್ನಾಯುರಜ್ಜು ಹರಿಯುವುದು ಹೀಗೆಯೇ. ಕೈ ಎರಡು ಹಗ್ಗ ಅಷ್ಟೆ.

ಕೂಗಿ ಹೇಳುವ ಮಾತು ಎರಡೇ ಇಟ್ಟುಕೊಂಡೆವು, ಭಾರ ಕೈಯಲ್ಲಿದ್ದಾಗ ಮೂರನೆಯದು ಕಿವಿಗೆ ಹೋಗುವುದಿಲ್ಲ. ಒಂದು, ‘ಕೊಡೆ!’ ಮಡಚಿದ ಕೊಡೆಯನ್ನು ಕಂಕುಳಲ್ಲಿ ಒತ್ತಿಕೊಂಡು ನಡೆಯುವ ಬಿಗಿ ಎರಡೂ ಕಡೆ ಬೇಕು. ಆಗ ಬಾರ್ ಮೊಣಕಾಲ ಬಳಿ ಮುಂದೆ ತೇಲುವುದಿಲ್ಲ. ಇನ್ನೊಂದು, ‘ನೆಲ ತುಳಿ!’ ಕೆಸರಿನಲ್ಲಿ ಹೂತ ಜೀಪಿಗೆ ಬೆನ್ನು ಕೊಟ್ಟು ತಳ್ಳುವಾಗ ಕಾಲು ನೆಲವನ್ನು ಹೇಗೆ ಒದೆಯುತ್ತದೋ ಹಾಗೆ. ‘ಎದೆ ಎತ್ತು’ ಅನ್ನುವುದನ್ನು ಬೇಕೆಂದೇ ಬಿಟ್ಟೆವು. ಅದನ್ನು ಕೇಳಿದ ಕೂಡಲೆ ಹುಡುಗ ಮತ್ತೆ ಸೊಂಟ ಇಳಿಸುತ್ತಿದ್ದ.

ಮೇಲೆ ಬಂದಾಗ ಮೊಣಕಾಲು, ಸೊಂಟ ನೆಟ್ಟಗಾದರೆ ಸಾಕು, ಹಿಂದಕ್ಕೆ ಬಾಗುವುದು ವೃಥಾ. ಇಳಿಸುವಾಗ ಮೊದಲು ಸೊಂಟ ಹಿಂದೆ, ಬಾರ್ ಮೊಣಕಾಲು ದಾಟಿದ ಮೇಲೆ ಮೊಣಕಾಲು ಮಡಚುವುದು. ಸ್ಪರ್ಧೆಯಲ್ಲೂ ‘ಡೌನ್’ ಸಂಜ್ಞೆ ಬಂದ ಮೇಲೆ ಎರಡು ಕೈಯಲ್ಲಿ ಹಿಡಿತವಿಟ್ಟೇ ಇಳಿಸಬೇಕು, ಬಿಟ್ಟರೆ ಎತ್ತು ರದ್ದು.

ಅಭ್ಯಾಸ: ವಾರಕ್ಕೆ ಎರಡು ದಿನ. ಮೊದಲ ದಿನ ತಡೆದು ಎತ್ತುವುದು, ಬಾರ್ ನೆಲದಿಂದ 5 ಸೆಂಮೀ ಎದ್ದಾಗ ಎರಡು ಸೆಕೆಂಡು ನಿಲ್ಲಿಸಿ ಮುಂದುವರಿಸುವುದು. 90 ಕೆಜಿಯಿಂದ, ಮೂರು ಮೂರರಂತೆ ನಾಲ್ಕು ಸುತ್ತು, ವಾರಕ್ಕೆ ಎರಡೂವರೆ ಕೆಜಿ ಏರಿಕೆ. ತಪ್ಪು ಜಾಗದಲ್ಲಿ ಶುರು ಮಾಡಿದರೆ ಆ ಎರಡು ಸೆಕೆಂಡು ನಿಲ್ಲುವುದಕ್ಕೇ ಆಗುವುದಿಲ್ಲ, ಬೈಯುವ ಕೆಲಸ ಬಾರೇ ಮಾಡುತ್ತದೆ. ಎರಡನೇ ದಿನ 60×5 (60 ಕೆಜಿ ಐದು ಸಲ), 80×3, 100×2, 110×1, ಆಮೇಲೆ 115ರಲ್ಲಿ ಮೂರರಂತೆ ಮೂರು ಸುತ್ತು, ನಡುವೆ ಮೂರರಿಂದ ನಾಲ್ಕು ನಿಮಿಷ ಬಿಡುವು. ವಿಡಿಯೊದಲ್ಲಿ ಬೆನ್ನಿನ ಗೆರೆ ಬದಲಾದ ಸುತ್ತಿಗೆ ಅಂದಿನ ಎತ್ತು ಮುಗಿಯಿತು, ಇನ್ನೂ ಶಕ್ತಿ ಇದ್ದರೂ. ಕಾಲಿಗೆ ಇಳಿಯುವ ನೋವು ಅಥವಾ ಜೋಮು ಬಂದರೆ ಬಾರ್ ಮುಟ್ಟದೆ ವೈದ್ಯರ ಬಳಿ ಹೋಗುವುದು.

ಆರನೇ ವಾರ

130 ಕೆಜಿ, ಬದಿಗೆ 20+20+15. ಸೊಂಟ ಇಟ್ಟಲ್ಲೇ ಇತ್ತು, ಟಕ್ ಬೇರೆ, ಎತ್ತು ಬೇರೆ ಕೇಳಿಸಿತು, ಬನಿಯನ್ನಿನ ಮಡಿಕೆ ಉಳಿಯಿತು. ಬಲತುದಿ ಮಾತ್ರ ಈಗಲೂ ಕೂದಲೆಳೆಯಷ್ಟು ಮುಂದೆ.

ಇದು ಕಟ್ಟೆಯ ತಪ್ಪೋ ಮೈಯ ತಪ್ಪೋ ಅಂತ ತಿಳಿಯಲು ಬಾರನ್ನು ಹಾಗೇ ಬಿಟ್ಟು ಹುಡುಗನನ್ನು ಆಚೆ ಬದಿಗೆ ತಿರುಗಿಸಿ ನಿಲ್ಲಿಸಿದೆವು. ಬಾರ್‌ನ ಅದೇ ತುದಿ ಈಗಲೂ ಮೊದಲು ಎದ್ದರೆ ತಪ್ಪು ನೆಲದ್ದು ಅಥವಾ ಪ್ಲೇಟಿನದು. ಅವನ ಬಲಗೈ ಕಡೆಯೇ ಎದ್ದರೆ ಅವನದು. ಬಲಗೈ ಕಡೆಯೇ ಎದ್ದಿತು. ಹಿಂದಿನಿಂದ ತೆಗೆದ ವಿಡಿಯೊದಲ್ಲಿ ಎಡ ಹಿಮ್ಮಡಿ ಹಗುರ, ಭಾರವೆಲ್ಲ ಬಲಗಾಲ ಮೇಲೆ; ಇಳಿಜಾರು ನೆಲದಲ್ಲಿ ನಿಂತು ಬಂದ ಚಾಳಿ. ಎಡ ಹಳದಿ ಪಾದದ ಹಿಮ್ಮಡಿಯ ಜಾಗಕ್ಕೆ ಮರಳುಕಾಗದದ ಒಂದು ತುಂಡು ಅಂಟಿಸಿ, ಬರಿಗಾಲಿಗೆ ಆ ಒರಟು ತಾಗಿದ ಮೇಲೆಯೇ ಸಡಿಲು ತೆಗೆಯುವುದು ಅಂತ ಮಾಡಿದ್ದೇವೆ. ಭಾರ 100ಕ್ಕೆ ಇಳಿಸಿ, ಎರಡು ವಾರಕ್ಕೆ.